ಸಾಕು ಅನ್ನುವವರೆಗೆ

ನಮ್ಮ ಪಾರ್ಕಿನ ಭೂತಬಂಗಲೆಯಲ್ಲಿ ಹೆದರಿಸುವ ಸದ್ದುಗಳೆಲ್ಲ ನನ್ನವು. ಬಾಗಿಲು ಕಿರುಗುಟ್ಟುವುದು, ಮಹಡಿಯ ಮೇಲೆ ಯಾರೋ ಕಾಲೆಳೆದು ನಡೆಯುವುದು, ಕಿವಿಯ ಹತ್ತಿರ ಉಸಿರು ಬಿಡುವುದು, ಎಲ್ಲವನ್ನೂ ಒಂದು ಚಿಕ್ಕ ಕೋಣೆಯಲ್ಲಿ ಗುಂಡಿಗಳ ಮುಂದೆ ಕುಳಿತು ನಾನೇ ನಡೆಸುತ್ತೇನೆ. ಹನ್ನೊಂದು ವರ್ಷದಿಂದ ಜನರನ್ನು ಹೆದರಿಸಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. ಹೆದರಿಕೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬವೂ ಇತ್ತು.

ತಲೆನೋವು ಶುರುವಾದದ್ದು ಹೋದ ವರ್ಷ. ಮಕ್ಕಳನ್ನು ಕರೆತಂದ ತಾಯಂದಿರು ಹೊರಗೆ ಬಂದವರೇ ಮ್ಯಾನೇಜರ ಮೇಲೆ ಹರಿಹಾಯುತ್ತಿದ್ದರು. ಮೀಸೆ ಬಂದ ಹುಡುಗರು ಅದೇ ಬಾಗಿಲಿನಿಂದ ಆಕಳಿಸುತ್ತ ಬರುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

"ಮಕ್ಳು ನಗ್ಬೇಕು, ದೊಡ್ಡೋರು ನಡುಗ್ಬೇಕು. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ಏನಾದ್ರೂ ಮಾಡಿ ಮೇಡಂ," ಎಂದರು ಮ್ಯಾನೇಜರು.

ಮಾಡಿದೆ. ಬಂಗಲೆಯ ನಡುವೆ ಹಲಗೆಯ ಗೋಡೆ ಎಬ್ಬಿಸಿ ಎರಡು ದಾರಿ ಮಾಡಿಸಿದೆ. ಎಡಗಡೆ ಮಕ್ಕಳಿಗೆ: ಸೀನುವ ದೆವ್ವ, ಜಾರಿ ಬೀಳುವ ಅಸ್ಥಿಪಂಜರ. ಬಲಗಡೆ ದೊಡ್ಡವರಿಗೆ: ಕೊನೆಯಲ್ಲಿ ಮಂಚವಿರುವ ಕತ್ತಲ ಕೋಣೆ. ದೆವ್ವದ ವೇಷದವರು ಆಚೀಚೆ ಓಡಾಡಬೇಕಲ್ಲ, ಗೋಡೆಯಲ್ಲಿ ಆಳು ನುಸುಳುವಷ್ಟು ಕಿಂಡಿ ಬಿಟ್ಟು ಕಪ್ಪು ಪರದೆ ಹಾಕಿಸಿದೆ.

ದೊಡ್ಡವರ ದಾರಿಗೆ ಒಂದು ಕಟ್ಟುನಿಟ್ಟು ಮಾಡಿದೆ. ಮೊದಲೆಲ್ಲ ಯಾರಾದರೂ ಅತ್ತರೆ ನಮ್ಮ ದೆವ್ವಗಳು ಕರಗಿ ಪಕ್ಕಕ್ಕೆ ಸರಿಯುತ್ತಿದ್ದವು. ಹೊರಗೆ ಹೋದಮೇಲೆ ಅತ್ತವರೇ, "ಅರ್ಧಕ್ಕೇ ಬಿಟ್ಬಿಟ್ರು," ಎಂದು ಮೂತಿ ತಿರುಗಿಸುತ್ತಿದ್ದರು. ಅದಕ್ಕೆ ವೇಷದ ಕೋಣೆಯ ಗೋಡೆಗೆ ನನ್ನ ಕೈಯಾರೆ ಬರೆದು ಅಂಟಿಸಿದೆ: ಎಷ್ಟೇ ಅಳಲಿ, ಕಿರುಚಲಿ, ಬಿಡಬೇಡಿ. ಮಂಚದ ಕೆಳಗೆ ಅಡಗಿದರೆ ಮಂಚ ಬಡಿಯುತ್ತಿರಿ. 'ಸಾಕು' ಅಂದರೆ ಮಾತ್ರ ನಿಲ್ಲಿಸಿ. ಈ ಪದವನ್ನು ಬಾಗಿಲಲ್ಲೇ ದೊಡ್ಡವರಿಗೆ ಹೇಳಿ ಕಳಿಸುತ್ತಿದ್ದೆವು. ಮಕ್ಕಳಿಗೆ ಹೇಳುತ್ತಿರಲಿಲ್ಲ. ಸೀನುವ ದೆವ್ವಕ್ಕೆ ಸಾಕು ಎನ್ನುವವರು ಯಾರು?

ನಮ್ಮ ಹಿರಿಯ ದೆವ್ವಕ್ಕೆ ಎಲ್ಲರೂ ಹಲ್ಲಣ್ಣ ಎನ್ನುತ್ತಿದ್ದರು. ಮುಖವಾಡ ತೆಗೆದರೂ ಹಲ್ಲು ಒಳಗೆ ಹೋಗುತ್ತಿರಲಿಲ್ಲ. ಅವನೊಬ್ಬನೇ ಕೇಳಿದ್ದು: "ಅಕ್ಕಾ, ಅಮ್ಮಾ ಅಂತ ಅತ್ರೂ ಬಿಡ್ಬಾರ್ದಾ?"

"ನಲವತ್ತು ವರ್ಷದ ಗಂಡಸೂ ಹೆದರಿದ್ರೆ ಅಮ್ಮಾ ಅಂತಾನೆ ಕಣೋ. ಅವರಮ್ಮ ಬರ್ತಾಳಾ?" ಎಂದೆ. ಎಲ್ಲರೂ ನಕ್ಕರು.

ಇನ್ನೊಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ನನ್ನ ಗಂಡನಿಗೂ. ದೊಡ್ಡವರ ದಾರಿಗೆ ಒಂದು ನಿಜವಾದ ಅಳು ಬೇಕಾಗಿತ್ತು. ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ನನ್ನ ಮಗಳು ಬಚ್ಚಲುಮನೆಯಲ್ಲಿದ್ದಾಗ ಚಿಲಕ ಕಚ್ಚಿಕೊಂಡಿತು. ಆಗ ಅವಳಿಗೆ ಆರು ವರ್ಷ. ಬಡಗಿ ಬರುವವರೆಗೆ, "ಇಲ್ಲೇ ಇದೀನಿ ಕಂದ, ಹೆದರ್ಬೇಡ," ಎಂದು ಬಾಯಲ್ಲಿ ಹೇಳುತ್ತ, ಕೈಯಲ್ಲಿ ಮೈಕನ್ನು ಬಾಗಿಲ ಸಂದಿಗೆ ಹಿಡಿದಿದ್ದೆ. "ಅಮ್ಮಾ, ಬಾಮ್ಮಾ." ಅಂಥ ಅಳು ಯಾವ ನಟಿಗೂ ಬರುವುದಿಲ್ಲ. ನನ್ನ ಮಾತನ್ನು ಕತ್ತರಿಸಿ ತೆಗೆದು, ಐದು ನಿಮಿಷಕ್ಕೊಮ್ಮೆ ಮೊಳಗುವ ಹಾಗೆ ಮಾಡಿದೆ. ಗಟ್ಟಿಮುಟ್ಟು ಆಳುಗಳ ಕಾಲು ಅಲ್ಲೇ ನಿಂತುಬಿಡುತ್ತಿದ್ದವು.

ಒಂದು ಭಾನುವಾರ ತಂಗಿ ನನ್ನ ಮಗಳನ್ನು ಪಾರ್ಕಿಗೆ ಕರೆತಂದಿದ್ದಳು. ಇಬ್ಬರೂ ಮಕ್ಕಳ ದಾರಿಗೆ ಹೋದರು. ನಾನು ನನ್ನ ಕೋಣೆ ಸೇರಿ, ಒಳಗಿನ ಮೈಕುಗಳ ಸದ್ದು ಕೇಳಲು ಕಿವಿಗೆ ಹೆಡ್‌ಫೋನು ಹಾಕಿಕೊಂಡೆ.

ಬಲಗಡೆಯಿಂದ ಅಳು ಬಂತು. ಸರಿ, ಅದರ ಹೊತ್ತಿಗೆ ಅದು ಬಂತು ಅಂದುಕೊಂಡೆ. ನಿಮಿಷವೂ ಆಗಿಲ್ಲ, ಮತ್ತೆ ಬಂತು. "ಅಮ್ಮಾ, ಬಾಮ್ಮಾ." ಈ ಹಾಳು ಯಂತ್ರಕ್ಕೆ ಏನಾಯಿತು ಎಂದು ಬೈದುಕೊಂಡು, ಹೆಡ್‌ಫೋನಿನ ಸದ್ದು ತಗ್ಗಿಸಿ, ಚಹಾ ಗುಟುಕರಿಸಿದೆ. ಇವತ್ತು ಎಷ್ಟು ಚೆನ್ನಾಗಿ ಕೇಳುತ್ತಿದೆ ಎಂದು ಕೂಡ ಅನ್ನಿಸಿತು. ಹೌದು, ಹಾಗೆ ಅನ್ನಿಸಿತು. ಮುಚ್ಚಿಟ್ಟು ಏನು ಮಾಡಲಿ?

ಮೂರನೇ ಸಲ ಬಂದಾಗ ಗುಂಡಿ ಒತ್ತಿ ಧ್ವನಿಮುದ್ರಣ ನಿಲ್ಲಿಸಿದೆ.

ಅಳು ನಿಲ್ಲಲಿಲ್ಲ.

ಗುಂಡಿಯನ್ನು ಇನ್ನೊಮ್ಮೆ ಒತ್ತಿದೆ, ಮತ್ತೊಮ್ಮೆ ಒತ್ತಿದೆ. ಯಂತ್ರ ಸತ್ತು ಬಿದ್ದಿತ್ತು. ಅಳು ಮಾತ್ರ ಇತ್ತು, ಅದರ ಹಿಂದೆ ಧಡ್ ಧಡ್ ಎಂದು ಮಂಚ ಬಡಿಯುವ ಸದ್ದು. ದೊಡ್ಡ ದೀಪಗಳ ಸ್ವಿಚ್ಚು ಎಳೆದು ಓಡಿದೆ. ಇಪ್ಪತ್ತೇ ಹೆಜ್ಜೆಯ ದಾರಿ. ಓಡುತ್ತಿದ್ದಾಗ ಅಳು ಒಮ್ಮೆಲೇ ನಿಂತುಹೋಯಿತು. ಅಳುವಾಗ ಇದ್ದದ್ದಕ್ಕಿಂತ ಹತ್ತು ಪಾಲು ಭಯ ಆಗ ಹಿಡಿಯಿತು. ಅಳು, ಕಂದ, ಅಳು ಎಂದು ಬೇಡಿಕೊಂಡೆ.

ಬೆಳಕಿನಲ್ಲಿ ಮಂಚದ ಕೋಣೆ ಬರೀ ಹಲಗೆ, ಬಣ್ಣ, ಹರಿದ ಹಾಸಿಗೆ. ಹಲ್ಲಣ್ಣ ಮುಖವಾಡ ಕಿತ್ತೆಸೆದು ಮಂಚದ ಪಕ್ಕ ಮಂಡಿಯೂರಿದ್ದ. ಅಷ್ಟರಲ್ಲಿ ಮಗುವನ್ನು ಹೊರಗೆಳೆದಿದ್ದ.

"ಕತ್ತಲಲ್ಲಿ ಮಗು ಅಂತ ಕಾಣ್ಲಿಲ್ಲಕ್ಕಾ. ಅಳು ಯಂತ್ರದ್ದೇ ಅಂದ್ಕೊಂಡೆ. ಕೆಳಗಿರೋರು ಸಾಕು ಅಂತಾರೆ ಅಂತ ಕಾದೆ. ಅನ್ನಲೇ ಇಲ್ಲ."

ಕಿಂಡಿಯ ಪರದೆ ಸರಿಸಿಕೊಂಡು ತಂಗಿ ಬಂದಳು. "'ಪಾಪುಗಳ ದೆವ್ವ ನಂಗೆ ಬೇಡ' ಅಂತ ಕೈ ಬಿಡಿಸ್ಕೊಂಡು ಓಡಿದ್ಲಕ್ಕ, ಆಗಿಂದ ಹುಡುಕ್ತಿದೀನಿ," ಎಂದು ಅಳತೊಡಗಿದಳು.

ಮಗಳು ಅಳುತ್ತಿರಲಿಲ್ಲ. ಬಿಕ್ಕಳಿಕೆ ಮಾತ್ರ ಬರುತ್ತಿತ್ತು. ಫ್ರಾಕು ಒದ್ದೆಯಾಗಿತ್ತು. ನನ್ನನ್ನೇ ನೋಡಿದಳು.

"ಕೂಗ್ದೆ," ಎಂದಳು.

"ಹೂಂ ಕಂದ."

"ತುಂಬಾ ಸಲ ಕೂಗ್ದೆ. ನಿಂಗೆ ಕೇಳಿಸ್ಲಿಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ನಂಬುತ್ತಿದ್ದಳು.

"ಕೇಳಿಸ್ತು," ಎಂದೆ.

ನಾನು ಎರಡೂ ಕೈ ಚಾಚಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಇನ್ನೊಂದು ಹೆಜ್ಜೆ ಸರಿದಳು. ಬೆನ್ನಿಗೆ ಹಲ್ಲಣ್ಣನ ಕಪ್ಪು ನಿಲುವಂಗಿ ತಾಕಿತು. ತಿರುಗಿ ಅವನ ಕೊರಳನ್ನು ಬಿಗಿಯಾಗಿ ತಬ್ಬಿಕೊಂಡು ಮುಖ ಮುಚ್ಚಿಕೊಂಡಳು. ಅವನು ಏನು ಮಾಡುವುದೋ ತಿಳಿಯದೆ, ನನ್ನ ಮುಖ ನೋಡುತ್ತ, ಮೆಲ್ಲಗೆ ಅವಳ ಬೆನ್ನು ತಟ್ಟತೊಡಗಿದ.