ಕಹಿಂದಿಯ ಮಗನ ರಕ್ತ

ನ್ಯೆವುಗೆ ಸಿಟ್ಟು ನೆತ್ತಿಗೇರಿತ್ತು. ಅಂಗಳದಲ್ಲಿ ಮೂರು ವರ್ಷದ ಚಾರೋ ಕಣ್ಣುಗುಡ್ಡೆ ಮೇಲೆ ಮಾಡಿಕೊಂಡು, ಕೈಕಾಲು ಸೆಟೆದು ಒದ್ದಾಡುತ್ತಿದ್ದ. ಬೇಲಿಯ ಹೊರಗೇ ಆಸ್ಪತ್ರೆಯ ಜೀಪು ನಿಂತಿತ್ತು. ಆದರೂ ಅವನ ತಾಯಿ ಸಿದಿ, ಜಪ್ಪಯ್ಯ ಅಂದರೂ ಕದಲಲಿಲ್ಲ.

"ಮಾವ ಹೂಂ ಅನ್ನದೆ ಮಗೂನ ಅಂಗಳ ದಾಟಿಸೋ ಹಾಗಿಲ್ಲ ಅಕ್ಕಾ," ಎಂದು ಅತ್ತಳು.

"ಹಕ್ಕಿ ದೆವ್ವ ಹಿಡಿದಿದೆ. ಸೂಜಿ ಚುಚ್ಚಿದ್ರೆ ಉಳಿಯಲ್ಲ," ಎಂದಳು ಸಿದಿಯ ಅತ್ತೆ.

"ಹಕ್ಕಿನೂ ಇಲ್ಲ, ಗೂಬೇನೂ ಇಲ್ಲ! ಮಲೇರಿಯಾ ತಲೆಗೇರಿದೆ ಅಜ್ಜಿ!"

ನ್ಯೆವು ಹೊರಗಿನವಳಲ್ಲ, ಇದೇ ಗಿರಿಯಾಮ ಬುಡಕಟ್ಟಿನ ಮಗಳು. ಕರಾವಳಿಯ ಸಂಶೋಧನಾ ಕೇಂದ್ರದಲ್ಲಿ ಮಕ್ಕಳ ಜ್ವರದ ಮೇಲೆ ಕೆಲಸ ಮಾಡುವ ಡಾಕ್ಟರು. ಯಾರೋ ಒಬ್ಬ ಗಂಡಸಿನ ಹೂಂಗೆ ಕಾಯುತ್ತ ಕಾಯುತ್ತ ಕೈತಪ್ಪಿದ ಮಕ್ಕಳನ್ನು ನೋಡಿ ನೋಡಿ ಅವಳಿಗೆ ಸಾಕುಸಾಕಾಗಿತ್ತು. ಈ ಮನೆಯ ಯಜಮಾನ ಕಹಿಂದಿಯೋ, ಹಿತ್ತಲಿನ ತೆಂಗಿನ ತೋಪಿನಲ್ಲಿ ಮುದುಕರ ಜೊತೆ ಕೂತಿದ್ದ. ಮಂತ್ರವಾದಿಗೆಂದು ಕಳ್ಳಿನ ಬುರುಡೆ ಇಟ್ಟುಕೊಂಡು ದಾರಿ ನೋಡುತ್ತಿದ್ದ. ನ್ಯೆವು ದಾಪುಗಾಲು ಹಾಕಿಕೊಂಡು ಅಲ್ಲಿಗೇ ಹೋದಳು.

"ದೊಡ್ಡಪ್ಪಾ, ಮೊಮ್ಮಗ ಕೈಬಿಟ್ಟು ಹೋಗ್ತಿದಾನೆ. ಹೂಂ ಅನ್ನಿ."

"ಬರಿಗೈಲಿ ಬಂದ್ಯಾ ಡಾಕ್ಟರಮ್ಮ?" ಪಕ್ಕದ ಮುದುಕನೊಬ್ಬ ಕೊಂಕು ತೆಗೆದ. "ಹಿರಿಯರ ಮುಂದೆ ಮಾತು ಎತ್ತೋ ಮೊದಲು ಕಳ್ಳು ಇಡ್ಬೇಕು. ಓದಿದ್ಮೇಲೆ ಅದೂ ಮರೆತೋಯ್ತಾ?"

"ಮಗು ಸಾಯ್ತಿದೆ, ನಿಮಗೆ ಕಳ್ಳು ಬೇಕಾ? ಥೂ! ನಾಚಿಕೆ ಆಗಲ್ವಾ?"

ಕಹಿಂದಿ ತಲೆ ಎತ್ತಿದ. "ನಾಚಿಕೆ ಯಾರಿಗಾಗ್ಬೇಕು? ಆವತ್ತು ನಿಮ್ಮ ಕೇಂದ್ರದೋರು ಬಂದ್ರು. ಇಲ್ಲಿ ಕಳ್ಳು ಇಟ್ಟು ಒಂದು ಮಾತು ಕೇಳಿದ್ರಾ? ಹೆಂಗಸರ ಕೈಗೆ ಸೋಪು ಕೊಟ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ನನ್ನ ಕಿರಿಮಗ ಕಟಾನಾನ ತೋಳಿಂದ ರಕ್ತ ಎಳ್ಕೊಂಡ್ರು. ಏನು ಕಾಯಿಲೆ ಅಂತ ಬಂದು ಹೇಳ್ತೀವಿ ಅಂದ್ರು. ಮಳೆಗಾಲ ಬಂತು, ಮಗ ತೀರಿಹೋದ. ನಿಮ್ಮಲ್ಲಿ ಒಬ್ರಾದ್ರೂ ಈ ಕಡೆ ತಲೆ ಹಾಕಿದ್ರಾ?"

ಆ ತಂಡದಲ್ಲಿ ನ್ಯೆವು ಇರಲಿಲ್ಲ. ಆದರೆ ಹಾಗೆಂದು ಜಾರಿಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ.

"ಬಯ್ಯಿರಿ ದೊಡ್ಡಪ್ಪ. ಬಾಯಿಗೆ ಬಂದ ಹಾಗೆ ಬಯ್ಯಿರಿ. ಆದ್ರೆ ಜೀಪಲ್ಲಿ ಕೂತು ಬಯ್ಯಿರಿ."

ಕಹಿಂದಿ ಅವಳನ್ನೇ ದುರುಗುಟ್ಟಿ ನೋಡಿದ. ಆಮೇಲೆ ಎದ್ದ. "ಅವನಿಗೇನಾದ್ರೂ ಆಗ್ಲಿ, ನಿನ್ನ ಸುಮ್ನೆ ಬಿಡಲ್ಲ."

"ಬಿಡಬೇಡಿ. ಬೇಗ ಬನ್ನಿ."

ಜೀಪು ಹೊರಡುವ ಮೊದಲೇ ನ್ಯೆವು ಚಾರೋಗೆ ಸೂಜಿ ಹಾಕಿದಳು. ಕಹಿಂದಿ ಮೊಮ್ಮಗನನ್ನು ಎದೆಗವಚಿಕೊಂಡು, ಅವಳ ಓದಿಗೆ, ಕೇಂದ್ರಕ್ಕೆ, ಬಿಳಿಯರಿಗೆ, ದಾರಿಯ ಗುಂಡಿಗಳಿಗೆ ಹಿಡಿಶಾಪ ಹಾಕುತ್ತಲೇ ಬಂದ. ವಾರ್ಡಿಗೆ ಬರುವಷ್ಟರಲ್ಲಿ ಸೆಟೆತ ನಿಂತಿತ್ತು. ಸಂಜೆ ಚಾರೋ ಕಣ್ಣು ಬಿಟ್ಟು ಗಂಜಿ ಕೇಳಿದ. ಸಿದಿ ಅಳುತ್ತಲೇ ಗಂಜಿ ತರಲು ಓಡಿದಳು.

"ಏನಾಗಿತ್ತು ಇವನಿಗೆ?" ಕಹಿಂದಿ ಕೇಳಿದ.

"ಮಲೇರಿಯಾನೇ. ರಕ್ತ ನೋಡಿದ್ವಿ."

"ಇಷ್ಟು ಬೇಗ ಗೊತ್ತಾಗುತ್ತಾ?"

"ಹೂಂ ದೊಡ್ಡಪ್ಪ."

"ಹಾಗಾದ್ರೆ ಕಟಾನಾನ ರಕ್ತದಲ್ಲಿ ಏನಿತ್ತು?"

ಸುಳ್ಳು ಹೇಳಬಹುದಿತ್ತು. ಕೇಂದ್ರದಲ್ಲಿ ಎಲ್ಲರೂ ಹೇಳುತ್ತಿದ್ದುದು ಅದನ್ನೇ: ಪರೀಕ್ಷೆ ನಡೆದಿದೆ, ತಿಳಿಸುತ್ತೇವೆ. ಆ ಹಾಳು ಮಾತು ನೆನೆದೇ ಅವಳ ಮೈ ಉರಿಯಿತು.

"ಅದು ಸಮುದ್ರದಾಚೆ ಒಂದು ಫ್ರೀಜರಲ್ಲಿದೆ. ದುಡ್ಡು ಮುಗೀತು ಅಂತ ಕೆಲಸ ನಿಲ್ಲಿಸಿಬಿಟ್ರು. ಅದನ್ನ ಯಾರೂ ನೋಡೇ ಇಲ್ಲ."

ಕಹಿಂದಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

"ದೊಡ್ಡ ಕಾಯಿಲೆ ಇರ್ಬೇಕು, ಹೇಳೋಕೆ ಅಂಜಿ ಬಾಯಿ ಮುಚ್ಕೊಂಡಿದಾರೆ ಅಂತ ನಾನು ಇಷ್ಟು ದಿನ ಉರ್ಕೊಂಡಿದ್ದೆ," ಎಂದ. "ನೋಡೇ ಇಲ್ವಾ?"

ನ್ಯೆವು ಇಲ್ಲವೆಂದು ತಲೆಯಾಡಿಸಿದಳು. ಬಯ್ಯಲಿ ಎಂದು ಕಾದಳು. ಕಹಿಂದಿ ಬಯ್ಯಲಿಲ್ಲ. ಚಾರೋನ ತೋಳಿನ ಸೂಜಿಗಾಯದ ಮೇಲೆ ಅಂಗೈ ಮುಚ್ಚಿದ.

"ಇವನದ್ದು ಅಲ್ಲಿಗೆ ಕಳಿಸ್ಬೇಡ ಮಗಳೇ."

ಪರೀಕ್ಷೆಯ ಜೊತೆಗೇ ಸಂಶೋಧನೆಗೆಂದೂ ತೆಗೆದ ಚಾರೋನ ರಕ್ತ ಆಗಲೇ ವಾರ್ಡಿನಿಂದ ಹೋಗಿತ್ತು. ನ್ಯೆವು ಹೊರಗೆ ಓಡಿದಳು. ವಿಮಾನಕ್ಕೆ ಹೊರಟಿದ್ದ ರಕ್ತದ ಐಸ್ ಪೆಟ್ಟಿಗೆಯನ್ನು ಇಬ್ಬರು ವ್ಯಾನಿಗೆ ಏರಿಸುತ್ತಿದ್ದರು.

"ಇಳಿಸ್ರೋ ಅದನ್ನ!" ಎಂದು ಇಡೀ ಆಸ್ಪತ್ರೆಗೆ ಕೇಳುವಂತೆ ಕಿರುಚಿದಳು. "ಇಳಿಸ್ರೋ ಕೆಳಗೆ!"