ಹದ ನೋಡಿದ ನೀರು

ಮೈಲಮ್ಮ ಹಂಡೆಯಿಂದ ಬಿಸಿನೀರು ಮೊಗೆಮೊಗೆದು ಬಕೆಟ್ಟಿಗೆ ಹಾಕುತ್ತಿದ್ದಳು. ಹಿತ್ತಲ ಕಲ್ಲಿನ ಮೇಲೆ ಅವಳ ತಾಯಿ ತಿಪ್ಪೇರುದ್ರಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕಂಬಳಿ ಸುತ್ತಿ ಎತ್ತಿಕೊಂಡು ಬಂದಿದ್ದ ಗಂಡಸರು ಆಗಲೇ ಬೀದಿಗೆ ಹೋಗಿಬಿಟ್ಟಿದ್ದರು. ಹೆಂಗಸರು ಬೇಲಿಯ ಪಕ್ಕದಲ್ಲೇ ನಿಂತಿದ್ದರು. ಹೆಣ ಒಂದು ಕಡೆಗೆ ವಾಲುತ್ತಿತ್ತು.

“ಯಾರರ ಒಬ್ಬರು ಹಿಡ್ಕೊಳ್ರಿ. ಒಬ್ಬಾಕಿ ಕೈಲಿ ಆಗವಲ್ದು,” ಎಂದಳು ಮೈಲಮ್ಮ.

“ನನಗ ಸೊಂಟ ಹಿಡದೈತವ್ವ,” ಎಂದಳು ಅಂಜಿನಕ್ಕ.

“ಮುಂಜಾನಿ ನೀರು ಸೇದುವಾಗ ಚಲೋ ಇತ್ತಲ್ಲ ಸೊಂಟ?” ಎಂದಳು ಪಕ್ಕದವಳು.

“ಹಂಗಾರ ನೀನ ಹೋಗಿ ಹಿಡಕೊ.”

ಅವಳೂ ಹೋಗಲಿಲ್ಲ. ಮೈಲಮ್ಮ ನಾಗಕ್ಕನ ಕಡೆ ನೋಡಿದಳು. ಇಪ್ಪತ್ತು ವರ್ಷ ತಾಯಿಯ ಪಕ್ಕದಲ್ಲೇ ಕೂತು ಖಾನಾವಳಿಯ ರೊಟ್ಟಿ ಬಡಿದವಳು. ನಾಗಕ್ಕ ತಲೆ ತಗ್ಗಿಸಿದಳು.

*

ಮೂರು ವರ್ಷದ ಕೆಳಗೆ ತಿಪ್ಪೇರುದ್ರಮ್ಮನ ಗೆಣ್ಣುಗಳು ಬಾತು, ಬೆರಳು ಮಡಚಿಕೊಂಡಿದ್ದವು. ತಲೆ ಬಾಚಲೂ ಮಗಳು ಬೇಕಾಗಿತ್ತು. ಕೀಲುನೋವಿಗೆಂದು ಕೊಟ್ಟೂರಿನ ಡಾಕ್ಟರು ಕೊಟ್ಟ ಗುಳಿಗೆಯಿಂದ ಮಡಚಿದ ಬೆರಳು ಬಿಚ್ಚಿಕೊಂಡವು. ಅವಳು ಮತ್ತೆ ರೊಟ್ಟಿ ಬಡಿದ ದಿನ ಆ ಸಪ್ಪಳ ಕೇಳಿ ಮಾಲೀಕ ಏಕಾಂತಪ್ಪ ಗಲ್ಲಾ ಬಿಟ್ಟು ಒಳಗೆ ಬಂದಿದ್ದ.

ಆಮೇಲೆ ಕಾಲಿಗೆ ಜೋಮು ಹಿಡಿಯಿತು. ಆಮೇಲೆ ಬೆರಳಿಗೆ. ಒಂದು ಮಧ್ಯಾಹ್ನ ಅವಳು ಒಲೆಯ ಮುಂದೆ ಮೂಗರಳಿಸಿದಳು. “ಲೇ ನಾಗಿ, ಏನೋ ಸುಡಾಕತ್ತೈತಿ. ಸೆರಗು ನೋಡ್ಕೊಳ್ಳೇ.”

ಸುಡುತ್ತಿದ್ದದ್ದು ಹಂಚಿಗೆ ತಾಗಿದ್ದ ಅವಳದೇ ಬೆರಳು.

ಕುಷ್ಠರೋಗದ ಸರ್ವೆಯವರು ಓಣಿ ಓಣಿ ತಿರುಗುತ್ತಿದ್ದ ಕಾಲ. ಸುಟ್ಟರೂ ತಿಳಿಯದ ಚರ್ಮಕ್ಕೆ ಊರವರಿಗೆ ಬೇರೆ ಹೆಸರು ಹೊಳೆಯಲಿಲ್ಲ. ಸರ್ವೆಯವರು ಪರೀಕ್ಷೆ ಮಾಡಿ ಅದಲ್ಲ ಎಂದರು. ಗುಳಿಗೆಯಿಂದ ನರಕ್ಕೆ ಪೆಟ್ಟಾಗಿರಬಹುದು, ನಿಲ್ಲಿಸಿ ನೋಡೋಣ ಎಂದರು ಡಾಕ್ಟರು. ಯಾರೂ ನಂಬಲಿಲ್ಲ. ಗಿರಾಕಿಗಳು ತಟ್ಟೆ ಸರಿಸುತ್ತಾರೆಂದು ಏಕಾಂತಪ್ಪ ಕೆಲಸ ಬಿಡಿಸಿದ. ನಾಗಕ್ಕ ಮನೆಗೆ ಬರುವುದನ್ನು ಬಿಟ್ಟಳು.

“ಆ ಗುಳಿಗಿ ಬಿಡಬೇ,” ಎಂದು ಮೈಲಮ್ಮ ಅತ್ತಿದ್ದಳು.

“ಬಿಟ್ಟರ ಕೈ ಮತ್ತ ಮುಚ್ಚತಾವು. ಸುಟ್ಟರ ಸುಡ್ಲಿ, ನನ್ನ ತಲಿ ನಾನ ಬಾಚ್ಕೊಂತೀನಿ.”

ಅಲ್ಲಿಂದ ಮುಂದೆ ತಾಯಿಯ ಸ್ನಾನದ ನೀರನ್ನು ಮಗಳೇ ಮುಟ್ಟಿ ನೋಡಿ ಕೊಡುತ್ತಿದ್ದಳು.

*

ಮೈಲಮ್ಮ ಬಕೆಟ್ಟಿನಲ್ಲಿ ಕೈ ಅದ್ದಿದಳು. ಚುರ್ರೆಂದಿತು. ತಣ್ಣೀರು ಬೆರೆಸಿ ಮತ್ತೆ ಅದ್ದಿದಳು.

“ಸತ್ತಾಕಿಗೆ ನೀರಿನ ಹದ ನೋಡ್ತಾಳಲ್ರೀ,” ಎಂದು ಅಂಜಿನಕ್ಕ ಪಿಸುಗುಟ್ಟಿದಳು.

ಆಗಲೇ ಮೈಲಮ್ಮನಿಗೆ ತಾನೇನು ಮಾಡುತ್ತಿದ್ದೇನೆಂಬುದು ತಿಳಿದದ್ದು. ಕೈ ನೀರಿನಲ್ಲೇ ನಿಂತಿತು.

ಪಕ್ಕದಲ್ಲಿ ಇನ್ನೊಂದು ಕೈ ಮುಳುಗಿತು. ನಾಗಕ್ಕ.

“ಇನ್ನೊಂದು ತಂಬಿಗಿ ತಣ್ಣೀರು ಹಾಕವ್ವ,” ಎಂದಳು ಅವಳು. “ಆಕಿಗೆ ತಿಳಿಯಂಗಿಲ್ಲ.”

ಹೆಣದ ಹಿಂದೆ ಕೂತು ಅದನ್ನು ಎದೆಗೆ ಒರಗಿಸಿಕೊಂಡಳು. ಕಲೆಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಉಜ್ಜಿದಳು. ಮೈಲಮ್ಮ ಮೆಲ್ಲಗೆ ನೀರು ಹಾಕಿದಳು.

ನೀರು ಕಲ್ಲಿನಿಂದಿಳಿದು, ಮಣ್ಣು ಕಲಸಿಕೊಂಡು ಬೇಲಿಯ ಕಡೆ ಹರಿಯಿತು. ಹೆಂಗಸರು ನಿರಿಗೆ ಎತ್ತಿ ಹಿಡಿದು, ಒಬ್ಬರ ಹಿಂದೆ ಒಬ್ಬರು, ಹಿಂದಕ್ಕೆ ಸರಿದರು. ನಾಗಕ್ಕನ ಸೀರೆ ಸೊಂಟದವರೆಗೂ ತೊಯ್ದಿತ್ತು.