ಹನ್ನೊಂದು ಎಣಿಕೆಯ ಸ್ವರ

ಪಟಾಲಮ್ಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮಗಳು ಯಮುನಾಳ ಪಾಲಿಗೆ ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇರಲಿಲ್ಲ. ಜೋಗುಪಾಳ್ಯದ ಮನೆಯ ನಡುಮನೆಯಲ್ಲಿ ಯಮುನಾ ತನ್ನ ಚೆಲ್ಲೊ ಹಿಡಿದು ಕೂರುತ್ತಿದ್ದಳು. ಚೆಲ್ಲೊ ಎಂದರೆ ಪಿಟೀಲಿನ ದೊಡ್ಡಣ್ಣ. ಹೆಗಲ ಮೇಲೆ ಇಟ್ಟುಕೊಳ್ಳುವಂಥದ್ದಲ್ಲ, ಕುರ್ಚಿಯಲ್ಲಿ ಕೂತು ಮಂಡಿಗಳ ನಡುವೆ ನಿಲ್ಲಿಸಿಕೊಳ್ಳುವಂಥದ್ದು. ಊರಿಗೆಲ್ಲ ಗೊತ್ತಿರುವ ಹಾಡೊಂದನ್ನು ನುಡಿಸಿ "ಯಾವ್ದು ಹೇಳಮ್ಮ?" ಎಂದರೆ ತಾಯಿ ಕೈಕೆಲಸ ನಿಲ್ಲಿಸಿ, ನಿಜಕ್ಕೂ ಯೋಚಿಸಿ, "ಗೊತ್ತಾಗ್ಲಿಲ್ಲ ಕಣೇ" ಎನ್ನುತ್ತಿದ್ದಳು. ಮಗಳ ಮುಖ ನೋಡಿ ಪಾಪವೆನಿಸಿ "ಚೆನ್ನಾಗೈತೆ ಬಿಡು" ಎಂದೂ ಸೇರಿಸುತ್ತಿದ್ದಳು. ನೆಂಟರ ಮನೆಯಲ್ಲಿ ಉಪ್ಪಿಲ್ಲದ ಸಾರನ್ನು ಹೊಗಳುವ ದನಿ ಅದು.

ಯಮುನಾಳ ಹುಚ್ಚೇ ಅದು: ಜನಕ್ಕೆ ಬಾಯಿಪಾಠವಾದ ಹಾಡುಗಳನ್ನು ಒಂಟಿ ಚೆಲ್ಲೊಗೆ ಹೊಂದಿಸುವುದು. ಪಕ್ಕದಲ್ಲಿ ತಬಲಾ ಇಲ್ಲ, ಪಿಯಾನೊ ಇಲ್ಲ. ಹಾಡೂ ಅದರ ಹಿಂದಿನ ಗದ್ದಲವೂ ನಾಲ್ಕೇ ತಂತಿಗಳಿಂದ ಬರಬೇಕು. ಬರುವ ಭಾನುವಾರ ಇಂದಿರಾನಗರದ ಒಂದು ಸಣ್ಣ ಸಭಾಂಗಣದಲ್ಲಿ ಅವಳೊಬ್ಬಳದೇ ಕಾರ್ಯಕ್ರಮವಿತ್ತು. ಹಾಡುಗಳ ಹೆಸರು ಹೇಳುವುದಿಲ್ಲ, ಕೇಳುವವರೇ ಗುರುತು ಹಿಡಿಯಬೇಕು ಎಂಬ ನಿಯಮವನ್ನು ಹುರುಪಿನಲ್ಲಿ ತಾನೇ ಮಾಡಿಕೊಂಡಿದ್ದಳು. ಈಗ ಅನುಭವಿಸುತ್ತಿದ್ದಳು.

ಕೊನೆಯ ಹಾಡಿಗೆಂದು ಇಟ್ಟುಕೊಂಡಿದ್ದು, ಹೆಣ್ಣು ಒಪ್ಪಿಸುವಾಗ ಬ್ಯಾಂಡ್‌ಸೆಟ್‌ನವರು ನುಡಿಸುತ್ತಿದ್ದ ಹಾಡು. ಒಂದು ಕಾಲದಲ್ಲಿ ಹಲಸೂರಿನಿಂದ ಕೆ.ಆರ್. ಪುರದವರೆಗೆ ಅದಿಲ್ಲದೆ ಯಾವ ಮದುವೆ ಹೆಣ್ಣೂ ಛತ್ರ ಬಿಟ್ಟು ಹೊರಟಿದ್ದಿಲ್ಲ. ತಾಯಿಯ ಮದುವೆಯ ವಿಡಿಯೊ ಕ್ಯಾಸೆಟ್ಟಿನಿಂದಲೇ ಯಮುನಾ ಅದನ್ನು ಹೆಕ್ಕಿ ಬರೆದುಕೊಂಡಿದ್ದಳು. ತನ್ನ ಮದುವೆಯ ಹಾಡನ್ನೇ ತಾಯಿ ಗುರುತಿಸದಿದ್ದರೆ ಇಂದಿರಾನಗರದಲ್ಲಿ ಕಾಫಿ ಹಿಡಿದು ಕೂತವರು ಗುರುತಿಸುತ್ತಾರೆಯೇ? ತಾಯಿ ಗುರುತಿಸಲಿಲ್ಲ. ನಾಲ್ಕು ಸಲ ನುಡಿಸಿದರೂ ಗುರುತಿಸಲಿಲ್ಲ. ಯಮುನಾಳಿಗೆ ಅಳು ಬಂತು, ಅದರ ಹಿಂದೆಯೇ ಕುತೂಹಲವೂ ಬಂತು.

ಏಕೆಂದರೆ ಆ ಹಾಡಿನಲ್ಲೊಂದು ಒಗಟಿತ್ತು. ಮೊದಲಿನಿಂದ ಕೊನೆಯವರೆಗೆ ಎಲ್ಲವೂ ನಾಲ್ಕು ನಾಲ್ಕು ಎಣಿಕೆಯಲ್ಲಿ ಶಿಸ್ತಾಗಿ ನಡೆಯುತ್ತದೆ. ನಡುವೆ ಒಂದೇ ಒಂದು ಸ್ವರ ಮಾತ್ರ ಹನ್ನೊಂದು ಎಣಿಕೆ ನಿಂತುಬಿಡುತ್ತದೆ. ಆಮೇಲೆ ಥಟ್ಟನೆ ತುಂಡಾಗಿ ಹಾಡು ಕೆಳಗಿಳಿಯುತ್ತದೆ. ಎಂಟಕ್ಕೆ ಇಳಿಸಿ ನೋಡಿದಳು, ಸಪ್ಪೆಯಾಯಿತು. ಹನ್ನೆರಡಕ್ಕೆ ಎಳೆದಳು, ಇನ್ನೂ ಸಪ್ಪೆಯಾಯಿತು. ಹನ್ನೊಂದನ್ನೇ ಇಟ್ಟು, ಆ ತುಂಡಾಗುವುದನ್ನು ಮಾತ್ರ ಪಾಪ ಊದುವವರ ಉಸಿರು ಮುಗಿದಿರಬೇಕೆಂದು ಮೆಲ್ಲಗೆ ಕರಗುವಂತೆ ನಯ ಮಾಡಿದಳು. ಯಾವ ಲೆಕ್ಕದ ಹನ್ನೊಂದು ಇದು? ಕ್ಯಾಸೆಟ್ಟಿನಲ್ಲಿ ಆ ಹೊತ್ತಿಗೆ ಕಾಣುವುದು ನೆಂಟರ ಬೆನ್ನುಗಳು ಮಾತ್ರ. ಬೆನ್ನುಗಳ ಸಂದಿಯಲ್ಲಿ ಒಂದು ಡೋಲು, ಅದರ ಮೇಲೆ ಬರಹ: ನ್ಯೂ ಗುಲಾಬ್ ಬ್ಯಾಂಡ್, ಶಿವಾಜಿನಗರ.

ಸೋಮವಾರವೇ ಶಿವಾಜಿನಗರಕ್ಕೆ ಹೋದಳು. ಬ್ಯಾಂಡು ಮುಚ್ಚಿ ಹದಿನೈದು ವರ್ಷವಾಗಿತ್ತು. ಅದರ ಕ್ಲಾರಿನೆಟ್ ಮೇಷ್ಟ್ರು ಹಸನ್ ಸಾಬರು ಮಾತ್ರ ಅದೇ ಗಲ್ಲಿಯ ಮೂರನೇ ಮಹಡಿಯಲ್ಲಿ ಇದ್ದರು. ವಯಸ್ಸು ಎಪ್ಪತ್ತು ದಾಟಿತ್ತು.

"ಇಷ್ಟು ದೊಡ್ಡ ಪೆಟ್ಟಿಗೆ ಹೊತ್ಕೊಂಡು ಮೂರು ಮಹಡಿ ಹತ್ತಿದ್ಯಾ ಬೇಟಾ?" ಎಂದು ಸಾಬರು ಹೌಹಾರಿದರು. ಅವರ ಹೆಂಡತಿ ಚಾಂದ್ ಬೀ ಮಾತಿಗೆ ಮೊದಲೇ ಚಹಾ ತಂದಿಟ್ಟರು.

ಯಮುನಾ ನುಡಿಸಿದಳು. ಸಾಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದವರು ಆ ಉದ್ದ ಸ್ವರ ಬಂದೊಡನೆ ಕಣ್ಣು ಬಿಟ್ಟರು.

"ಇದೇನು ಇದು? ಇಷ್ಟೇ ಉದ್ದ ಅಂತ ಯಾರು ಹೇಳಿದ್ರು ನಿಂಗೆ?"

"ನಮ್ಮಮ್ಮನ ಮದ್ವೆ ಕ್ಯಾಸೆಟ್ಟಲ್ಲಿ ನೀವೇ ನುಡಿಸಿದ್ದೀರ ಸಾಬ್ರೇ. ಹನ್ನೊಂದು. ನೂರು ಸಲ ಎಣಿಸಿದ್ದೀನಿ."

ಸಾಬರು ಕೆಮ್ಮು ಬರುವವರೆಗೆ ನಕ್ಕರು. "ನಾವು ಒಂದು ಸಲಾನೂ ಎಣಿಸಿಲ್ಲ ನೋಡು. ಆವಾಗ ಹೆಣ್ಣಿನ ತಾಯಿ ಮಗಳ ಕೈ ಹಿಡ್ಕೊಂಡಿರ್ತಾಳೆ. ಅವಳು ಬಿಡೋ ತನಕ ನಾವು ಮುಂದಕ್ಕೆ ಹೋಗಂಗಿಲ್ಲ. ನಂಗೆ ಕಣ್ಣೆಲ್ಲ ಆ ಕೈ ಮೇಲೆ. ಕೈ ಬಿಡ್ತು, ನಾನು ಸ್ವರ ಬಿಟ್ಟೆ. ಒಬ್ಬೊಬ್ಬರು ಎರಡು ನಿಮಿಷಾನೂ ಬಿಡಲ್ಲ. ಹಲಸೂರಲ್ಲಿ ಒಬ್ಬಮ್ಮ ಇದ್ದಳು, ನನ್ನ ಉಸಿರೇ ಮುಗಿಸಿಬಿಟ್ಟಳು."

"ಆವಾಗ ಏನ್ಮಾಡಿದ್ರಿ?"

"ಪಕ್ಕದಲ್ಲಿ ಫಹೀಮ್ ಇದ್ದ, ಅವನದೂ ಕ್ಲಾರಿನೆಟ್ಟೇ. ಅದೇ ಸ್ವರ ಅವನ ಕೈಗೆ ಕೊಟ್ಟೆ. ನಾನು ಉಸಿರು ತಗೊಂಡೆ, ವಾಪಸ್ ಇಸ್ಕೊಂಡೆ. ಕೊಟ್ಟಿದ್ದು ಇಸ್ಕೊಂಡಿದ್ದು ಕೇಳೋರಿಗೆ ಗೊತ್ತಾಗ್ಬಾರ್ದು, ಅಷ್ಟೇ."

ಯಮುನಾಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಹಾಡೆಂದುಕೊಂಡು ಅವಳು ಬರೆದುಕೊಂಡಿದ್ದು ತನ್ನ ಅಜ್ಜಿ ಒಂದು ಮಧ್ಯಾಹ್ನ ಮಗಳ ಕೈ ಹಿಡಿದುಕೊಂಡಿದ್ದಷ್ಟು ಹೊತ್ತನ್ನು. ಆದರೂ ಒಂದು ಪ್ರಶ್ನೆ ಉಳಿದಿತ್ತು.

"ಹಂಗಾದ್ರೆ ನಮ್ಮಜ್ಜಿದು ಯಾಕೆ ಅಷ್ಟು ಥಟ್ ಅಂತ ನಿಂತೋಯ್ತು? ಉಸಿರು ಮುಗೀತಾ?"

"ಹನ್ನೊಂದಕ್ಕೆ ಮುಗಿಯೋ ಉಸಿರಾ ನಂದು?" ಸಾಬರಿಗೆ ಸಿಟ್ಟೇ ಬಂತು. "ಕೈ ಹಂಗೇ ಬಿಟ್ಟಿರ್ಬೇಕು, ಬೇಟಾ. ಯಾಕೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಆ ಕೈ ಯಾರದೋ ಅವರನ್ನ ಕೇಳು."

ಅಜ್ಜಿ ಈಗಿರಲಿಲ್ಲ. ತಾಯಿಯನ್ನು ಕೇಳುವುದಕ್ಕೆ ಮುಂಚೆ ಯಮುನಾ ಎರಡು ದಿನ ಕೂತು ಹಾಡನ್ನು ಬಿಚ್ಚಿ ಮತ್ತೆ ಕಟ್ಟಿದಳು. ಚೆಲ್ಲೊದ ಮೊದಲ ತಂತಿಯನ್ನು ಒತ್ತದೆ ನುಡಿಸಿದರೆ ಬರುವ ಸ್ವರವೇ ಪಕ್ಕದ ತಂತಿಯಲ್ಲಿ ಬೆರಳೊತ್ತಿದರೂ ಬರುತ್ತದೆ. ಒಂದು ಬಿಚ್ಚು ದನಿ, ಇನ್ನೊಂದು ಕೊಂಚ ಮುಸುಕಿದ ದನಿ. ಒಂದು ಹಸನ್ ಸಾಬರು, ಇನ್ನೊಂದು ಫಹೀಮ್ ಎಂದುಕೊಂಡಳು. ತಂತಿ ಉಜ್ಜುವ ಕಮಾನನ್ನು ಒಂದರಿಂದ ಇನ್ನೊಂದಕ್ಕೆ ಜಾರಿಸುತ್ತ ಹೋದರೆ ಸ್ವರ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಿತ್ತು. ಉಳಿದ ಕಡೆ ಬಿಡುವಾದಾಗಲೆಲ್ಲ ಎಡಗೈ ಬೆರಳಿನಿಂದ ದಪ್ಪ ತಂತಿಯನ್ನು ಮೀಟಿದಳು, ಅದು ಡೋಲಾಯಿತು.

ಗುರುವಾರ ಬೆಳಿಗ್ಗೆ ಪಟಾಲಮ್ಮ ಮೊರ ಮುಂದಿಟ್ಟುಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಯಮುನಾ ಕಾಗದವನ್ನೂ ಇಟ್ಟುಕೊಳ್ಳದೆ ಎದುರಿಗೆ ಕೂತು ಶುರುಮಾಡಿದಳು. ಆ ಸ್ವರ ಬಂದಾಗ ತಾಯಿಯ ಕೈಗಳನ್ನೇ ನೋಡಿದಳು. ಸೊಪ್ಪಿನ ಮೇಲೆ ಆಡುತ್ತಿದ್ದ ಕೈ ನಿಧಾನವಾಯಿತು, ನಿಂತಿತು. ಯಮುನಾ ಸ್ವರವನ್ನು ಬಿಡಲಿಲ್ಲ. ಈ ತಂತಿಯಿಂದ ಆ ತಂತಿಗೆ ಕೊಟ್ಟಳು, ಇಸ್ಕೊಂಡಳು, ಮತ್ತೆ ಕೊಟ್ಟಳು. ಎಣಿಕೆ ಎಲ್ಲೋ ತಪ್ಪಿಹೋಯಿತು.

"ಸಾಕು ಬಿಡೇ!" ಎಂದು ಕೂಗಿ ಪಟಾಲಮ್ಮ ಕೈಯನ್ನು ಮೊರದಿಂದ ಕಿತ್ತು ಮಡಿಲಿಗೆ ಎಳೆದುಕೊಂಡಳು. ಯಮುನಾ ಥಟ್ಟನೆ ಕಮಾನೆತ್ತಿದಳು.

"ನನ್ ಮದ್ವೇದು," ಎಂದಳು ತಾಯಿ.

"ನಾಲ್ಕು ಸಲ ಇದನ್ನೇ ನುಡಿಸಿದ್ದೆ ಕಣಮ್ಮ!"

"ಅದು ಬೇಗ ಮುಗ್ದೋಗ್ತಿತ್ತು. ಅವತ್ತು ನಂಗೆ ಇದು ಮುಗೀತಾನೇ ಇರ್ಲಿಲ್ಲ." ಪಟಾಲಮ್ಮ ಸೊಪ್ಪಿನ ಕಡೆ ನೋಡುತ್ತ ಹೇಳಿದಳು, "ಅವ್ವ ಕೈ ಬಿಡ್ಲಿಲ್ಲ ಕಣೇ. ಎಲ್ಲಾರೂ ಅವ್ಳೇ ಬಿಟ್ಲು ಅಂದ್ಕೊಂಡವ್ರೆ. ನಾನೇ ಕಿತ್ಕೊಂಡೆ."

"ಯಾಕಮ್ಮ?"

"ಯಾಕಂದ್ರೆ? ಹೋಗೋ ಆಸೆ! ಹೊರಗೆ ಹೂ ಕಟ್ಟಿದ್ ಕಾರು ನಿಂತಿತ್ತು. ನಿಮ್ಮಪ್ಪ ಬಾಗ್ಲು ತೆಗ್ದು ಹಿಡ್ಕೊಂಡು ನಿಂತಿದ್ರು. ಹತ್ತೊಂಬತ್ತು ವರ್ಸ ನಂಗೆ. ಎಲ್ಲಾರೂ ಅಳ್ತಾವ್ರೆ, ನಂಗೆ ಒಂದ್ ತೊಟ್ಟು ಕಣ್ಣೀರು ಬರ್ತಿಲ್ಲ. ಅವ್ವ ಸಾಯೋಗಂಟ ಆ ಮಾತು ಎತ್ಲಿಲ್ಲ. ನಾನೂ ಎತ್ಲಿಲ್ಲ."

ಯಮುನಾಳಿಗೆ ತಾಯಿಯ ಮೇಲೆ ಇನ್ನಿಲ್ಲದಷ್ಟು ಮಮತೆ ಉಕ್ಕಿತು. ಅವಳೂ ಒಂದು ಕಂತೆ ಸೊಪ್ಪು ಎಳೆದುಕೊಂಡು ಬಿಡಿಸತೊಡಗಿದಳು. ಆಮೇಲೆ ಒಳಗೆ ಹೋಗಿ ಕಾಗದದ ಮೇಲಿನ ಹನ್ನೊಂದನ್ನು ಅಳಿಸಿದಳು. ನಯ ಮಾಡಿದ್ದ ಗುರುತನ್ನೂ ಅಳಿಸಿ, ಅಲ್ಲಿ 'ಕೈ ನೋಡುವುದು' ಎಂದು ಬರೆದಳು.

ಭಾನುವಾರ ಪಟಾಲಮ್ಮ ರೇಷ್ಮೆ ಸೀರೆಯುಟ್ಟು ಎರಡನೇ ಸಾಲಿನಲ್ಲಿ ಕೂತಿದ್ದಳು. ಕೊನೆಯ ಹಾಡು ಶುರುವಾದಾಗ ಹಿಂದಿನಿಂದ ಹಲಸೂರಿನ ಹೆಂಗಸೊಬ್ಬರು "ಅಯ್ಯೋ, ಹೆಣ್ಣು ಒಪ್ಪಿಸೋದು!" ಎಂದು ತಡೆಯಲಾರದೆ ಅಂದುಬಿಟ್ಟರು. ಆ ಸ್ವರ ಬಂತು. ಯಮುನಾ ತಲೆಯೆತ್ತಿ ನೋಡಿದಳು. ತಾಯಿಯ ಒಂದು ಕೈಯನ್ನು ಅವಳದೇ ಇನ್ನೊಂದು ಕೈ ಭದ್ರವಾಗಿ ಹಿಡಿದುಕೊಂಡಿತ್ತು. ಸಭೆ ಕಾಯಿತು. ಸ್ವರ ಪಕ್ಕದ ತಂತಿಗೆ ಹೋಯಿತು, ಬಂತು, ಮತ್ತೆ ಹೋಯಿತು. ಈ ಸಲ ಪಟಾಲಮ್ಮನಿಗೆ ಕೈ ಬಿಡಿಸಿಕೊಳ್ಳುವ ಅವಸರವೇನೂ ಇರಲಿಲ್ಲ.